ಗಂಡಸರ ಪೆಲ್ವಿಕ್ ಫ್ಲೋರ್ ವ್ಯಾಯಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಸೊಂಟ ನೋವು, ಮಂಡಿ ನೋವು ಅಂತ ಬರುವ ಗಂಡಸರು ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು "ಇನ್ನೊಂದು ವಿಷಯ ಇತ್ತು" ಅನ್ನುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಫೋನಿನಲ್ಲಿ, ಮೆಸೇಜಿನಲ್ಲಿ ಕೇಳುವವರು ಇನ್ನೂ ಜಾಸ್ತಿ. ಆ ವಿಷಯ ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ತಳದಲ್ಲಿರುವ ಸ್ನಾಯುಗಳದ್ದು. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ನಾಚಿಕೆಯ ಪದಗಳು ಬರುತ್ತವೆ, ಬಂದೇ ಬರಬೇಕು.

## ಮೊದಲಿಗೆ

ಇದು ಹೆರಿಗೆ ಆದ ಹೆಂಗಸರು ಮಾಡೋ ವ್ಯಾಯಾಮ ಅಲ್ವಾ? ನಮಗ್ಯಾಕೆ?

ಶುರುವಾಗಿದ್ದು ಅಲ್ಲಿಂದಲೇ. ಆರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಸ್ತ್ರೀರೋಗ ತಜ್ಞರು 1948ರಲ್ಲಿ ಹೆರಿಗೆಯ ನಂತರದ ತೊಂದರೆಗಳಿಗೆ ಈ ವ್ಯಾಯಾಮದ ಬಗ್ಗೆ ಬರೆದರು. ಅದಕ್ಕೇ ಕೆಗೆಲ್ ಅನ್ನುವ ಹೆಸರು. ಆದರೆ ಈ ಸ್ನಾಯು ಗಂಡಸರಿಗೂ ಇದೆ, ಕೆಲಸವೂ ಕಮ್ಮಿಯೇನಿಲ್ಲ. ಮೂತ್ರ ತಡೆಯುವುದು, ಮಲ ಮತ್ತು ಗ್ಯಾಸ್ ತಡೆಯುವುದು, ಮೂತ್ರಕೋಶ ಮತ್ತು ಕರುಳಿಗೆ ಕೆಳಗಿನಿಂದ ಆಸರೆ ಕೊಡುವುದು, ನಿಮಿರುವಿಕೆ ಗಟ್ಟಿಯಾಗಿ ನಿಲ್ಲಲು ನೆರವಾಗುವುದು, ವೀರ್ಯವನ್ನು ಹೊರಗೆ ತಳ್ಳುವುದು, ಎಲ್ಲವೂ ಇದರದ್ದೇ. ಹೆಂಗಸರಿಗೆ ಹೆರಿಗೆಯ ನೆಪದಲ್ಲಾದರೂ ಯಾರಾದರೂ ಹೇಳಿಕೊಡುತ್ತಾರೆ. ಗಂಡಸರಿಗೆ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ಆಪರೇಷನ್ ಆಗುವವರೆಗೂ ಇಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ.

ಅದು ಎಲ್ಲಿದೆ? ಕೈಗೆ ಸಿಗತ್ತಾ?

ಮುಂದೆ, ಶಿಶ್ನದ ಬುಡದ ಮೇಲೆ, ಕೈಗೆ ಗಟ್ಟಿಯಾಗಿ ಒಂದು ಮೂಳೆ ಸಿಗುತ್ತದೆ. ಹಿಂದೆ ಬೆನ್ನಿನ ಕೊನೆಯಲ್ಲಿ ಬಾಲದ ಮೂಳೆ. ಈ ಎರಡರ ಮಧ್ಯೆ ಜೋಲಿ ಕಟ್ಟಿದ ಹಾಗೆ ಸ್ನಾಯುಗಳು ಹರಡಿವೆ. ಮೂತ್ರನಾಳ, ಗುದದ್ವಾರ ಎರಡೂ ಅದರ ಮೂಲಕವೇ ಹೊರಬರುತ್ತವೆ. ವೃಷಣದ ಚೀಲದ ಹಿಂದೆ, ಗುದದ್ವಾರಕ್ಕಿಂತ ಮುಂದೆ ಒಂದು ಮೆತ್ತಗಿನ ಜಾಗ ಇದೆ. ಅಲ್ಲಿ ಬೆರಳಿಟ್ಟರೆ ಹೊರಪದರದ ಸ್ನಾಯು ಚರ್ಮದ ಕೆಳಗೇ ಸಿಗುತ್ತದೆ. ಒಳಪದರ ಇನ್ನೂ ಮೇಲಿದೆ, ಅದು ಕೈಗೆ ಸಿಗುವುದಿಲ್ಲ.

ನನಗೆ 34 ವರ್ಷ, ಏನೂ ತೊಂದರೆ ಇಲ್ಲ. ಮಾಡಬೇಕಾ?

ಮಾಡಲೇಬೇಕು ಅಂತಿಲ್ಲ. ಸರಿಯಾಗಿ ಬಿಗಿಯುವುದು, ಸರಿಯಾಗಿ ಬಿಡುವುದು ಎರಡನ್ನೂ ಒಮ್ಮೆ ಕಲಿತಿಟ್ಟುಕೊಳ್ಳಿ, ಸಾಕು.

## ಬಿಗಿಯುವುದು, ಬಿಡುವುದು

ಎಲ್ರೂ "ಒಳಗೆ ಎಳ್ಕೊಳ್ಳಿ" ಅಂತಾರೆ ಸಾರ್. ಏನನ್ನ ಎಳೀಬೇಕು ಅಂತ ಯಾರೂ ಹೇಳಲ್ಲ.

ನನ್ನ ಪ್ರಕಾರ ಎಡವುವುದೇ ಇಲ್ಲಿ. "ಕೆಳಗೆ ಬಿಗಿ ಹಿಡಿಯಿರಿ" ಅಂದರೆ ಹೆಚ್ಚಿನ ಗಂಡಸರು ಕುಂಡಿ ಬಿಗಿಯುತ್ತಾರೆ, ತೊಡೆ ಸೇರಿಸುತ್ತಾರೆ, ಹೊಟ್ಟೆ ಒಳಗೆಳೆದು ಉಸಿರು ಕಟ್ಟುತ್ತಾರೆ. ಮುಖ ಕೆಂಪಾಗುತ್ತದೆ, ಕೆಲಸ ಮಾಡಬೇಕಾದ ಸ್ನಾಯು ಮಾತ್ರ ಸುಮ್ನೆ ಕೂತಿರುತ್ತದೆ. ಇನ್ನು ಕೆಲವರು ಮುಕ್ಕುತ್ತಾರೆ, ಅಂದರೆ ಎರಡಕ್ಕೆ ಕೂತಾಗ ತಳ್ಳುವ ಹಾಗೆ ಕೆಳಕ್ಕೆ ತಳ್ಳುತ್ತಾರೆ. ಅದು ಪೂರ್ತಿ ಉಲ್ಟಾ.

ಹಾಗಾಗಿ ಯಾವ ಮಾತಿನಲ್ಲಿ ಹೇಳಿಕೊಡುತ್ತೇವೆ ಅನ್ನುವುದು ಮುಖ್ಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಆರೋಗ್ಯವಂತ ಗಂಡಸರಿಗೆ ಬೇರೆ ಬೇರೆ ಸೂಚನೆ ಕೊಟ್ಟು, ಒಳಗೆ ಏನಾಗುತ್ತದೆ ಅಂತ ಅಲ್ಟ್ರಾಸೌಂಡಿನಲ್ಲಿ ನೋಡಿದರು. "ಗುದದ್ವಾರದ ಸುತ್ತ ಬಿಗಿಯಿರಿ" ಅಂದಾಗ ಹಿಂದಿನ ಸ್ನಾಯು ಜಾಸ್ತಿ ಕೆಲಸ ಮಾಡಿತು. "ಮೂತ್ರಕೋಶ ಮೇಲೆತ್ತಿ" ಅಂದಾಗ ಹೊಟ್ಟೆಯ ಸ್ನಾಯು ಬಿಗಿದು ಒಳಗಿನ ಒತ್ತಡ ಏರಿತು, ಅದು ನಮಗೆ ಬೇಡ. "ಶಿಶ್ನವನ್ನು ಗಿಡ್ಡ ಮಾಡಿಕೊಳ್ಳಿ" ಅಂದಾಗ ಮೂತ್ರನಾಳದ ಸುತ್ತಲಿನ ಸ್ನಾಯು ಎಲ್ಲಕ್ಕಿಂತ ಚೆನ್ನಾಗಿ ಕದಲಿತು.

ನಾನು ಹೀಗೆ ಹೇಳಿಕೊಡುತ್ತೇನೆ. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ. ಹೊಟ್ಟೆ, ಕುಂಡಿ, ದವಡೆ ಎಲ್ಲ ಸಡಿಲ ಬಿಡಿ. ಉಸಿರು ಒಳಗೆ ತೆಗೆದುಕೊಳ್ಳಿ, ಏನೂ ಮಾಡಬೇಡಿ. ಉಸಿರು ಬಿಡುತ್ತಾ ಶಿಶ್ನದ ಬುಡವನ್ನು ಮೆಲ್ಲಗೆ ದೇಹದ ಒಳಕ್ಕೆ ಎಳೆದುಕೊಳ್ಳಿ. ಬೆಳಗಿನ ಚಳಿಯಲ್ಲಿ ತುಂಗೆಗೆ ಇಳಿದು ನೀರು ಸೊಂಟಕ್ಕೆ ಬಂದ ಗಳಿಗೆ ಏನಾಗುತ್ತದೆ ನೆನಪಿಸಿಕೊಳ್ಳಿ ಅಂದರೆ ನಮ್ಮ ಕಡೆಯವರಿಗೆ ತಕ್ಷಣ ಹೊಳೆಯುತ್ತದೆ, ನಗುತ್ತಾರೆ, ನಕ್ಕ ಮೇಲೆ ಸರಿಯಾಗಿ ಮಾಡುತ್ತಾರೆ. ಪೂರ್ತಿ ಶಕ್ತಿ ಹಾಕಬೇಡಿ. ಅರ್ಧ ಶಕ್ತಿ ಸಾಕು. ಜೋರು ಮಾಡಿದ ಕೂಡಲೇ ಹೊಟ್ಟೆ, ಕುಂಡಿ ಸಹಾಯಕ್ಕೆ ಓಡಿ ಬರುತ್ತವೆ.

ಗ್ಯಾಸ್ ಅಥವಾ ಮಲ ತಡೆಯಲು ಆಗುವುದಿಲ್ಲ ಅನ್ನುವವರಿಗೆ ಮಾತ್ರ ಹಿಂದಿನಿಂದ ಶುರು ಮಾಡಿಸುತ್ತೇನೆ. ನಾಲ್ಕು ಜನರ ಮಧ್ಯೆ ಗ್ಯಾಸ್ ತಡೆಯುವ ಹಾಗೆ ಅಂದರೆ ಸಾಕು, ಅದನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಸರಿಯಾಗಿ ಮಾಡ್ತಿದ್ದೀನಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಕಾಣೋದೇ ಇಲ್ವಲ್ಲ.

ಕಾಣುತ್ತದೆ. ಬಚ್ಚಲು ಮನೆಯಲ್ಲಿ ಬಾಗಿಲು ಹಾಕಿಕೊಂಡು, ಬಟ್ಟೆ ತೆಗೆದು, ಕನ್ನಡಿ ಮುಂದೆ ನಿಲ್ಲಿ. ಸರಿಯಾಗಿ ಬಿಗಿದರೆ ಶಿಶ್ನದ ಬುಡ ಸ್ವಲ್ಪ ಒಳಗೆ ಹೋಗುತ್ತದೆ, ವೃಷಣ ಸ್ವಲ್ಪ ಮೇಲೇರುತ್ತದೆ. ಬಿಟ್ಟಾಗ ಎರಡೂ ಕೆಳಗಿಳಿಯಬೇಕು. ಇಳಿಯುವುದನ್ನೂ ನೋಡಿ.

ಇನ್ನೊಂದು ದಾರಿ ಬೆರಳು. ವೃಷಣದ ಹಿಂದಿನ ಆ ಮೆತ್ತಗಿನ ಜಾಗದಲ್ಲಿ ಎರಡು ಬೆರಳಿಡಿ. ಬಿಗಿದಾಗ ಅಲ್ಲಿ ಗಟ್ಟಿಯಾಗಿ, ಬೆರಳಿನಿಂದ ದೂರ, ಮೇಲಕ್ಕೆ ಹೋದ ಹಾಗೆ ಅನ್ನಿಸಬೇಕು. ಬೆರಳನ್ನೇ ಹೊರಗೆ ದೂಡಿದರೆ ನೀವು ಮುಕ್ಕುತ್ತಿದ್ದೀರಿ. ಇನ್ನೊಂದು ಕೈ ಹೊಕ್ಕುಳ ಮೇಲಿರಲಿ. ಕೆಳಹೊಟ್ಟೆ ಅಷ್ಟಿಷ್ಟು ಬಿಗಿದರೆ ಪರವಾಗಿಲ್ಲ, ಹೊಟ್ಟೆ ಉಬ್ಬಿದರೆ ಅಥವಾ ಪಕ್ಕೆಲುಬು ಕೆಳಗೆ ಜಗ್ಗಿದರೆ ತಪ್ಪು. ಬಿಗಿ ಹಿಡಿದುಕೊಂಡೇ ಜೋರಾಗಿ ಒಂದರಿಂದ ಐದರವರೆಗೆ ಎಣಿಸಿ. ಎಣಿಸಲು ಆದರೆ ಉಸಿರು ಕಟ್ಟಿಲ್ಲ ಅಂತ ಅರ್ಥ.

ಒಂದಕ್ಕೆ ಹೋಗುವಾಗ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಮಾಡೋದೇ ಈ ವ್ಯಾಯಾಮ ಅಂತ ಓದಿದ್ದೆ.

ಸ್ನಾಯು ಯಾವುದು ಅಂತ ಪತ್ತೆ ಮಾಡಲು ಒಮ್ಮೆ ನಿಲ್ಲಿಸಿ ನೋಡಿ, ತಪ್ಪಿಲ್ಲ. ದಿನಾ ಮಾಡಬೇಡಿ. ಮೂತ್ರಕೋಶ ಹಿಂಡಿಕೊಳ್ಳುವಾಗ ಕೆಳಗಿನ ಬಾಗಿಲು ಸಡಿಲವಾಗಬೇಕು, ಅದು ದೇಹದ ಏರ್ಪಾಡು. ಪ್ರತಿ ಸಲ ಮಧ್ಯದಲ್ಲಿ ತಡೆದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೇ ಉಳಿಯಬಹುದು. ಹೋಗುವಾಗ ಆರಾಮಾಗಿ ಹೋಗಿ. ವ್ಯಾಯಾಮಕ್ಕೆ ಬೇರೆ ಹೊತ್ತು ಇದೆ.

ದಿನಕ್ಕೆ ಎಷ್ಟು ಸಲ? ಎಷ್ಟು ಹೊತ್ತು ಹಿಡೀಬೇಕು?

ಶುರುವಿನಲ್ಲಿ ಮೂರರಿಂದ ಐದು ಸೆಕೆಂಡ್ ಹಿಡಿಯಿರಿ, ಅಷ್ಟೇ ಹೊತ್ತು ಅಥವಾ ಅದರ ಎರಡರಷ್ಟು ಹೊತ್ತು ಬಿಡಿ. ಹೀಗೆ ಎಂಟರಿಂದ ಹತ್ತು ಸಲ. ಆಮೇಲೆ ಚಕ್ ಅಂತ ಬಿಗಿದು ತಕ್ಷಣ ಬಿಡುವುದು ಹತ್ತು ಸಲ. ಇದು ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ವಾರಗಳು ಕಳೆದ ಹಾಗೆ ಹಿಡಿಯುವುದನ್ನು ಹತ್ತು ಸೆಕೆಂಡಿಗೆ ಏರಿಸಿ. ನಿಧಾನದ್ದೂ ಬೇಕು, ಚಕ್ ಅನ್ನುವುದೂ ಬೇಕು, ಯಾಕೆಂದರೆ ಈ ಸ್ನಾಯುವಿನಲ್ಲಿ ಎರಡು ಥರದ ಎಳೆಗಳಿವೆ. ದಿನವಿಡೀ ಆಸರೆ ಕೊಡುವ ನಿಧಾನದ ಎಳೆಗಳೇ ಜಾಸ್ತಿ, ಕೆಮ್ಮು ಸೀನು ಬಂದಾಗ ತಟ್ಟನೆ ಮುಚ್ಚುವ ಚುರುಕಿನ ಎಳೆಗಳು ಕಮ್ಮಿ.

ಮೊದಲು ಮಲಗಿ, ಆಮೇಲೆ ಕೂತು, ಆಮೇಲೆ ನಿಂತು. ನಿಂತಾಗ ಮಾಡಲು ಬಂದರೇ ಉಪಯೋಗ, ಮಲಗಿದಾಗ ಸೋರುವುದು ಕಮ್ಮಿ ನೋಡಿ. ಏಳನೇ ಸಲಕ್ಕೆ ಸ್ನಾಯು ಸೋತು ಕುಂಡಿ ಬಿಗಿಯಲು ಶುರುವಾದರೆ ಆರಕ್ಕೇ ನಿಲ್ಲಿಸಿ. ದಿನಕ್ಕೆ ಮುನ್ನೂರು ಮಾಡಿದೆ ಅಂತ ಹೆಮ್ಮೆಯಿಂದ ಹೇಳುವವರು ಬರುತ್ತಾರೆ. ಮುನ್ನೂರೂ ತಪ್ಪಾಗಿರುತ್ತದೆ.

"ಬಿಡಿ, ಬಿಡಿ" ಅಂತ ಯಾಕೆ ಅಷ್ಟು ಹೇಳ್ತೀರಾ? ಬಿಗಿಯೋದು ನಿಲ್ಲಿಸಿದ್ರೆ ತಾನಾಗೇ ಬಿಡತ್ತಲ್ವಾ?

ಎಲ್ಲರಿಗೂ ಬಿಡುವುದಿಲ್ಲ. ಅರ್ಧ ಬಿಟ್ಟು, ಅದರ ಮೇಲೇ ಮತ್ತೆ ಬಿಗಿದು, ಹಾಗೇ ಏರುತ್ತಾ ಹೋಗುತ್ತಾರೆ. ಆಮೇಲೆ ಸ್ನಾಯುವಿಗೆ ಬಿಗಿಯಲು ಜಾಗವೇ ಉಳಿಯುವುದಿಲ್ಲ. ಉಸಿರು ಒಳಗೆ ಎಳೆದಾಗ ಎದೆಯ ಕೆಳಗಿನ ವಪೆ ಕೆಳಗಿಳಿಯುತ್ತದೆ, ಅದರ ಜೊತೆ ಈ ತಳದ ಸ್ನಾಯುವೂ ಇಳಿಯುತ್ತದೆ. ಹಾಗಾಗಿ ಪ್ರತಿ ಬಿಗಿತದ ನಂತರ ಒಂದು ಉದ್ದನೆಯ ಉಸಿರು ಹೊಟ್ಟೆಗೆ ತೆಗೆದುಕೊಳ್ಳಿ, ಕೆಳಗೆ ಸಡಿಲವಾಗುವುದನ್ನು ಗಮನಿಸಿ, ಆಮೇಲೆ ಮುಂದಿನದು.

ನಾನು ಯೋಗದಲ್ಲಿ ಮೂಲಬಂಧ ಮಾಡ್ತೀನಿ. ಅದೂ ಇದೂ ಒಂದೇ ತಾನೆ?

ಹತ್ತಿರದ ನೆಂಟರು. ಆದರೆ ಮೂಲಬಂಧವನ್ನು ಬಹಳ ಜನ ಉಸಿರು ಕಟ್ಟಿ, ಹಿಂದಿನ ಭಾಗ ಬಿಗಿದು ಮಾಡುತ್ತಾರೆ. ಅಶ್ವಿನಿ ಮುದ್ರೆಯಂತೂ ಗುದದ್ವಾರದ್ದೇ ಕೆಲಸ. ಮೂತ್ರ ಸೋರುವುದಕ್ಕೆ ಮುಂಭಾಗ ಬೇಕು, ಉಸಿರು ಓಡಾಡುತ್ತಿರಬೇಕು. ಯೋಗ ಬಿಡಬೇಡಿ. ಇದನ್ನು ಬೇರೆಯಾಗಿ ಮಾಡಿ.

## ದಿನದ ಕೆಲಸದಲ್ಲಿ

ಅಡಿಕೆ ಚೀಲ ಎತ್ತುವಾಗ, ಜೋರಾಗಿ ಕೆಮ್ಮಿದಾಗ ಎರಡು ತೊಟ್ಟು ಬಿದ್ದುಬಿಡತ್ತೆ. ಮಾಡ್ತಾನೇ ಇದ್ದೀನಿ ವ್ಯಾಯಾಮ, ಪ್ರಯೋಜನ ಆಗಿಲ್ಲ.

ಸ್ನಾಯುವಿಗೆ ಶಕ್ತಿ ಬಂದರೂ ಸಮಯಕ್ಕೆ ಬರುವುದನ್ನು ಬೇರೆಯಾಗಿ ಕಲಿಸಬೇಕು. ಚೀಲಕ್ಕೆ ಕೈ ಹಾಕಿ, ಮೊದಲು ಮುಂಭಾಗ ಬಿಗಿಯಿರಿ, ಉಸಿರು ಬಿಡುತ್ತಾ ಎತ್ತಿ, ಇಟ್ಟ ಮೇಲೆ ಸಡಿಲ ಬಿಡಿ. ಕೆಮ್ಮು ಬರುತ್ತದೆ ಅಂತ ಗೊತ್ತಾದ ಗಳಿಗೆಯಲ್ಲೇ ಬಿಗಿಯಿರಿ. ಕುರ್ಚಿಯಿಂದ ಏಳುವಾಗಲೂ ಇದೇ. ಮೊದಮೊದಲು ನೆನಪಿಟ್ಟುಕೊಂಡು ಮಾಡಬೇಕು, ಆಮೇಲೆ ಅಭ್ಯಾಸವಾಗುತ್ತದೆ.

ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು, ಕಳೆ ಕೊಚ್ಚುವ ಯಂತ್ರ ಹೆಗಲಿಗೆ ಹಾಕಿಕೊಂಡು ದಿಂಬದ ಮೇಲೆ ಓಡಾಡುವವರು ಇಡೀ ದಿನ ಬಿಗಿ ಹಿಡಿದುಕೊಂಡಿರಲು ನೋಡುತ್ತಾರೆ. ಅದು ಆಗದ ಕೆಲಸ. ಭಾರ ಏರಿಸುವಾಗ, ಇಳಿಸುವಾಗ, ಏರು ಹತ್ತುವಾಗ ಅಷ್ಟೇ ಸಾಕು.

ಬೀಡಿ ಸಿಗರೇಟಿನ ಕೆಮ್ಮು ಇದ್ದರೆ, ಮಲಬದ್ಧತೆಯಿಂದ ದಿನಾ ಮುಕ್ಕುತ್ತಿದ್ದರೆ, ಈ ಕೈಯಲ್ಲಿ ಕಟ್ಟಿದ್ದನ್ನು ಆ ಕೈಯಲ್ಲಿ ಕೆಡವಿದ ಹಾಗೆ. ಕಮೋಡ್ ಬಳಸುವವರು ಪಾದದ ಕೆಳಗೆ ಒಂದು ಗಿಡ್ಡ ಮಣೆ ಇಟ್ಟುಕೊಂಡರೆ ತಿಣುಕುವುದು ಕಮ್ಮಿಯಾಗುತ್ತದೆ.

ಒಂದಕ್ಕೆ ಹೋಗಿ, ಚೆನ್ನಾಗಿ ಒದರಿ, ಪ್ಯಾಂಟ್ ಹಾಕ್ಕೊಂಡು ಎರಡು ಹೆಜ್ಜೆ ಹಾಕಿದ ಮೇಲೆ ಒದ್ದೆ ಆಗತ್ತೆ. ನನಗಿನ್ನೂ 45.

ತುಂಬಾ ಜನರಿಗೆ ಇದೆ, ಯಾರೂ ಹೇಳಿಕೊಳ್ಳುವುದಿಲ್ಲ, ಖಾಕಿ ಪ್ಯಾಂಟ್ ಬಿಟ್ಟು ಕಪ್ಪು ಪ್ಯಾಂಟ್ ಹಾಕಲು ಶುರು ಮಾಡುತ್ತಾರೆ. ಮೂತ್ರನಾಳ ವೃಷಣದ ಹಿಂದೆ ಬಾಗುವ ಜಾಗದಲ್ಲಿ ಸ್ವಲ್ಪ ಮೂತ್ರ ನಿಂತಿರುತ್ತದೆ. ಅದನ್ನು ಹಿಂಡಿ ಹೊರಹಾಕುವ ಹೊರಪದರದ ಸ್ನಾಯು ಸೋತಿದ್ದರೆ ಆಮೇಲೆ ತೊಟ್ಟಿಕ್ಕುತ್ತದೆ. ಒದರಿದರೆ ಅದು ಬರುವುದಿಲ್ಲ. ಮುಗಿದ ಮೇಲೆ ಅಲ್ಲೇ ನಿಂತು ಮುಂಭಾಗವನ್ನು ಎರಡು ಮೂರು ಸಲ ಗಟ್ಟಿಯಾಗಿ ಬಿಗಿಯಿರಿ. ಸಾಲದಿದ್ದರೆ ವೃಷಣದ ಹಿಂದೆ ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಮುಂದಕ್ಕೆ ಸವರಿ, ಉಳಿದದ್ದು ಹೊರಬರುತ್ತದೆ. ಮನೆಯಲ್ಲಿ ಕೂತು ಮಾಡುವುದು ಇನ್ನೂ ಸುಲಭ.

ಜಡಿಮಳೆ ಹಿಡಿದರೆ ಗಂಟೆಗೊಂದು ಸಲ ಓಡ್ತೀನಿ. ಕೆಲವು ಸಲ ಅಂಗಳ ದಾಟುವಷ್ಟರಲ್ಲಿ ಆಗೋಗತ್ತೆ.

ಚಳಿಗೆ ಮೂತ್ರ ಜಾಸ್ತಿಯಾಗುವುದು ಸಹಜ. ಬೆವರು ಕಮ್ಮಿ, ಚರ್ಮದ ರಕ್ತನಾಳಗಳು ಕುಗ್ಗಿ ಮೂತ್ರಪಿಂಡಕ್ಕೆ ಕೆಲಸ ಜಾಸ್ತಿ. ಅದರ ಮೇಲೆ ನಮ್ಮ ಕಾಫಿ ಬೇರೆ. ಆದರೆ ತಡೆಯಲಾಗದೇ ಆಗಿಬಿಡುವುದು ಬೇರೆ ಮಾತು. ಒತ್ತಡ ಬಂದ ಕೂಡಲೇ ಓಡಬೇಡಿ, ಓಡಿದರೆ ಇನ್ನೂ ಕಷ್ಟ. ನಿಂತಲ್ಲೇ ನಿಲ್ಲಿ ಅಥವಾ ಜಗುಲಿಯ ಮೇಲೆ ಕೂರಿ. ಐದಾರು ಸಲ ಚಕ್ ಚಕ್ ಅಂತ ಬಿಗಿದು ಬಿಡಿ. ತಳದ ಸ್ನಾಯು ಬಿಗಿದಾಗ ನರಗಳ ಮೂಲಕ ಮೂತ್ರಕೋಶಕ್ಕೆ ಸುಮ್ಮನಿರು ಅನ್ನುವ ಸಂದೇಶ ಹೋಗುತ್ತದೆ. ಒತ್ತಡದ ಅಲೆ ಇಳಿದ ಮೇಲೆ ನಡೆದುಕೊಂಡು ಹೋಗಿ. ನೀರು ಕುಡಿಯುವುದನ್ನು ನಿಲ್ಲಿಸಬೇಡಿ, ಮಂದವಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಸಕ್ಕರೆ ಕಾಯಿಲೆ ಪರೀಕ್ಷೆ ಒಮ್ಮೆ ಮಾಡಿಸಿ.

ಬಸ್ಸಲ್ಲಿ ಕೂತು ಮಾಡಬಹುದಾ?

ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ನೀವು ಕುಂಡಿ ಬಿಗಿಯುತ್ತಿದ್ದೀರಿ ಅಂತ ಅರ್ಥ. ಹುಲಿಕಲ್ ಘಾಟಿಯ ತಿರುವಿನಲ್ಲಿ ಬೇಡ, ಅಲ್ಲಿ ದೇಹ ತಾನಾಗೇ ಎಲ್ಲ ಬಿಗಿ ಹಿಡಿದಿರುತ್ತದೆ.

## ಆಪರೇಷನ್, ನೋವು ಮತ್ತು ಉಳಿದವು

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮುಂದಿನ ತಿಂಗಳು ಆಪರೇಷನ್. ಆದ ಮೇಲೆ ಕರ್ಕೊಂಡು ಬರಲಾ?

ಈಗಲೇ ಕರೆದುಕೊಂಡು ಬನ್ನಿ. ಆಪರೇಷನ್ನಿಗೆ ಮುಂಚೆ ಆ ಜಾಗದ ಅರಿವು ಚೆನ್ನಾಗಿರುತ್ತದೆ, ಕಲಿಯುವುದು ಸುಲಭ. ಮೂತ್ರ ತಡೆಯಲು ನಮಗೆ ಎರಡು ಬಾಗಿಲು. ಒಂದು ಮೂತ್ರಕೋಶದ ಕತ್ತಿನಲ್ಲಿ, ತಾನಾಗೇ ಕೆಲಸ ಮಾಡುವಂಥದ್ದು. ಇನ್ನೊಂದು ಪ್ರಾಸ್ಟೇಟಿನ ಕೆಳಗೆ, ನಾವು ಬೇಕೆಂದಾಗ ಬಿಗಿಯಬಹುದಾದದ್ದು. ಪ್ರಾಸ್ಟೇಟ್ ಪೂರ್ತಿ ತೆಗೆದಾಗ ಮೊದಲನೆಯದಕ್ಕೆ ಪೆಟ್ಟು ಬೀಳುತ್ತದೆ, ಭಾರವೆಲ್ಲ ಎರಡನೆಯದರ ಮೇಲೆ ಬರುತ್ತದೆ.

ಕ್ಯಾತಿಟರ್ (ಮೂತ್ರ ಹೋಗಲು ಹಾಕಿದ ನಳಿಕೆ) ಇರುವಾಗ ವ್ಯಾಯಾಮ ಬೇಡ. ತೆಗೆದ ಮೇಲೆ ಸರ್ಜನ್ ಒಪ್ಪಿಗೆ ಕೊಟ್ಟ ದಿನದಿಂದ ಶುರು. ಮೊದಲ ವಾರಗಳಲ್ಲಿ ಸೋರುತ್ತದೆ, ಪ್ಯಾಡ್ ಬೇಕಾಗುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಜಾಸ್ತಿ ಅನ್ನುತ್ತಾರೆ. ಸ್ನಾಯು ದಣಿದಿರುತ್ತದೆ, ಅದಕ್ಕೆ. ಮಧ್ಯಾಹ್ನ ಸ್ವಲ್ಪ ಮಲಗಲಿ. ಹೆಚ್ಚಿನವರಿಗೆ ಮೂರು ತಿಂಗಳಿಂದ ಒಂದು ವರ್ಷದೊಳಗೆ ಬಹಳ ಸುಧಾರಿಸುತ್ತದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ ಬೇರೆ ಚಿಕಿತ್ಸೆ ಯೋಚಿಸುವ ಮುಂಚೆ ಕನಿಷ್ಠ ಮೂರು ತಿಂಗಳು ಈ ವ್ಯಾಯಾಮ ಮಾಡಿಸಿ ಅನ್ನುತ್ತದೆ. ವರ್ಷವಾದರೂ ಪ್ಯಾಡ್ ಮೇಲೆ ಪ್ಯಾಡ್ ಬೇಕಾಗುತ್ತಿದ್ದರೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆ ಕೊಡುವ ಪಟ್ಟಿ), ಕೃತಕ ಸ್ಫಿಂಕ್ಟರ್ (ಮೂತ್ರ ತಡೆಯುವ ಕೃತಕ ಬಾಗಿಲು) ಅಂತ ಆಪರೇಷನ್‌ಗಳಿವೆ. ಯೂರಾಲಜಿಸ್ಟ್ ಹತ್ತಿರ ಮಾತಾಡಿ.

ಆ ವಿಷಯಕ್ಕೆ ಉಪಯೋಗ ಆಗತ್ತಾ? ಗೊತ್ತಾಯ್ತಲ್ಲ ಸಾರ್…

ಗೊತ್ತಾಯಿತು. ಕೆಲವರಿಗೆ ಆಗುತ್ತದೆ. ಶಿಶ್ನದ ಬುಡವನ್ನು ಸುತ್ತಿರುವ ಸ್ನಾಯುಗಳು ಬಿಗಿದು ಒಳಗಿನ ರಕ್ತದ ಒತ್ತಡ ಏರಿಸುತ್ತವೆ, ರಕ್ತ ವಾಪಸ್ ಹೋಗದ ಹಾಗೆ ತಡೆಯಲು ನೆರವಾಗುತ್ತವೆ. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ನಿಮಿರುವಿಕೆಯ ತೊಂದರೆ ಇದ್ದ 55 ಗಂಡಸರಿದ್ದರು. ಆರು ತಿಂಗಳ ಕೊನೆಗೆ 40 ಶೇಕಡಾ ಜನ ಪೂರ್ತಿ ಸರಿಹೋದರು, ಮೂರನೇ ಒಂದು ಭಾಗದಷ್ಟು ಜನರಿಗೆ ಸ್ವಲ್ಪ ಸುಧಾರಿಸಿತು, ಉಳಿದವರಿಗೆ ಏನೂ ಆಗಲಿಲ್ಲ. ಚಿಕ್ಕ ಅಧ್ಯಯನ, ಆದರೂ ಖರ್ಚಿಲ್ಲದ ಪ್ರಯತ್ನ. ಬೇಗ ವೀರ್ಯ ಹೋಗುವವರಲ್ಲೂ ಕೆಲವರಿಗೆ ಹತೋಟಿ ಬರುತ್ತದೆ. ಒಂದು ಮಾತು: ಹೊಸದಾಗಿ ಶುರುವಾದ ನಿಮಿರುವಿಕೆಯ ತೊಂದರೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ರಕ್ತನಾಳದ ಕಾಯಿಲೆಯ ಮುನ್ಸೂಚನೆ ಆಗಿರಬಹುದು. ಗೋಡೆ ಮೇಲಿನ ಜಾಹೀರಾತಿನ ನಂಬರಿಗೆ ಫೋನ್ ಮಾಡುವ ಮುಂಚೆ ಆ ಪರೀಕ್ಷೆಗಳಾಗಲಿ.

ಮಾಡಿದಷ್ಟೂ ನೋವು ಜಾಸ್ತಿ ಆಗ್ತಿದೆ. ಕೂತ್ಕೊಳ್ಳೋಕೆ ಆಗಲ್ಲ, ಮೂತ್ರವೂ ಸಲೀಸಾಗಿ ಬರಲ್ಲ.

ನಿಲ್ಲಿಸಿ. ನಿಮ್ಮದು ಸಡಿಲ ಸ್ನಾಯುವಿನ ತೊಂದರೆ ಇರಲಿಕ್ಕಿಲ್ಲ, ಮೊದಲೇ ಬಿಗಿದು ಕೂತ ಸ್ನಾಯು ಇರಬಹುದು. ದಿನಪೂರ್ತಿ ಕಂಪ್ಯೂಟರ್ ಮುಂದೆ ಕೂರುವ ಹುಡುಗರಲ್ಲಿ, ಸದಾ ಚಿಂತೆಯಲ್ಲಿರುವವರಲ್ಲಿ, ಜಿಮ್ಮಿನಲ್ಲಿ ಹೊಟ್ಟೆ ಬಿಗಿ ಹಿಡಿದೇ ಓಡಾಡುವವರಲ್ಲಿ ಇದನ್ನು ನೋಡುತ್ತೇನೆ. ವೃಷಣದ ಹಿಂದೆ ನೋವು, ವೀರ್ಯ ಹೋದ ಮೇಲೆ ನೋವು, ಮೂತ್ರ ಶುರುವಾಗಲು ತಡ. ಅವರಿಗೆ ಬಿಗಿಯುವ ವ್ಯಾಯಾಮ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ. ಅವರಿಗೆ ಬೇಕಾದ್ದು ಹೊಟ್ಟೆಯ ಉಸಿರಾಟ, ಕುಕ್ಕರಗಾಲಲ್ಲಿ ಕೂರುವುದು, ಬಿಸಿನೀರಿನ ಶಾಖ, ಸಡಿಲ ಬಿಡುವ ಅಭ್ಯಾಸ. ಸೋಂಕು ಇಲ್ಲ ಅಂತ ಡಾಕ್ಟರ ಹತ್ತಿರ ಮೊದಲು ಖಚಿತ ಮಾಡಿಕೊಳ್ಳಿ.

ಪ್ರಾಸ್ಟೇಟ್ ದಪ್ಪ ಆಗಿದೆ ಅಂದ್ರು. ಇದು ಮಾಡಿದ್ರೆ ಕರಗತ್ತಾ?

ಇಲ್ಲ. ಮೂತ್ರದ ದಾರಿ ಒತ್ತಿಹೋಗಿದ್ದರೆ ಅದನ್ನು ಯಾವ ವ್ಯಾಯಾಮವೂ ತೆರೆಯುವುದಿಲ್ಲ. ಅವಸರದ ಒತ್ತಡಕ್ಕೆ ಸ್ವಲ್ಪ ನೆರವಾಗಬಹುದು, ಅಷ್ಟೇ. ಮಾತ್ರೆ ಬಿಡಬೇಡಿ.

ಯಾವಾಗ ವ್ಯಾಯಾಮ ಗಿಯಾಯಾಮ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗ್ಬೇಕು?

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ ತೋರಿಸಿ. ಜ್ವರದ ಜೊತೆ ಉರಿ ಇದ್ದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ ಅದೇ ದಿನ. ಸೊಂಟ ನೋವಿನ ಜೊತೆ ತೊಡೆಸಂದಿ, ಗುದದ್ವಾರದ ಸುತ್ತ ಜೋಮು ಹಿಡಿದು, ಕಾಲು ಸೋತು, ಮೂತ್ರ ಮಲದ ಹತೋಟಿ ತಪ್ಪಿದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರಬಹುದು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಗಾಗಲಿ ಅಂತ ಕಾಯಬೇಡಿ. ಕಾಡಿನ ಒಳಗಿನ ಮನೆಯವರಿಗೆ ಗಾಡಿ ಹೊಂದಿಸುವುದೇ ಕಷ್ಟ ಅಂತ ಗೊತ್ತು, ಆದರೂ ಹೊರಡಿ.

ನಾನೂ ಫಿಸಿಯೋ, ಹೊಸಬ. ಗಂಡಸರಿಗೆ ಇದನ್ನ ಕಲಿಸೋಕೆ ಹೋದ್ರೆ ಇಬ್ರಿಗೂ ಮುಜುಗರ. ನೀವು ಹೇಗೆ ಮಾಡ್ತೀರಾ?

ಮುಜುಗರ ನಿಮ್ಮ ಮುಖದಲ್ಲಿ ಕಂಡರೆ ಅವರದ್ದು ಇಮ್ಮಡಿಯಾಗುತ್ತದೆ. ಅಂಗದ ಹೆಸರನ್ನು ನೇರವಾಗಿ ಹೇಳಿ. ಮನೆಯವರನ್ನು ಹೊರಗೆ ಕೂರಿಸಿ, ಅವರೇ ಬೇಕು ಅಂದರೆ ಒಳಗೆ ಬರಲಿ. ಮೊದಲು ಚಿತ್ರ ತೋರಿಸಿ, ಆಮೇಲೆ ಒಂದೇ ಒಂದು ಸೂಚನೆ ಕೊಡಿ. ನಾಲ್ಕು ಸೂಚನೆ ಒಟ್ಟಿಗೆ ಕೊಟ್ಟರೆ ನಾಲ್ಕು ಸ್ನಾಯು ಬಿಗಿಯುತ್ತಾರೆ. ಸಣ್ಣದಾಗಿ ಬಿಗಿದಾಗ ಹೊಗಳಿ, ಜೋರಾಗಿ ಬಿಗಿದಾಗ ಹೊಗಳಬೇಡಿ.

ಗುದದ್ವಾರದ ಮೂಲಕ ಬೆರಳಿನಿಂದ ಪರೀಕ್ಷೆ ಮಾಡುವುದನ್ನು ತರಬೇತಿ ಪಡೆದವರಷ್ಟೇ ಮಾಡಬೇಕು. ಯಾಕೆ ಅಂತ ವಿವರಿಸಿ ಒಪ್ಪಿಗೆ ಕೇಳಬೇಕು, ಬೇಡ ಅಂದರೆ ಬಿಡಬೇಕು. ಬೇಡ ಅಂದವರಿಗೂ ದಾರಿ ಇದೆ. ಅಲ್ಟ್ರಾಸೌಂಡ್ ಇದ್ದರೆ ಕೆಳಹೊಟ್ಟೆಯ ಮೇಲೆ ಪ್ರೋಬ್ ಇಟ್ಟು ಮೂತ್ರಕೋಶದ ತಳ ಮೇಲೇಳುವುದನ್ನು ಅವರಿಗೇ ಪರದೆಯಲ್ಲಿ ತೋರಿಸಬಹುದು. ತಾನು ಮುಕ್ಕಿದಾಗ ಅದು ಕೆಳಗೆ ಹೋಗುವುದನ್ನು ಕಣ್ಣಾರೆ ಕಂಡವನಿಗೆ ಮತ್ತೆ ಹೇಳಬೇಕಾಗಿಲ್ಲ. ಇದಕ್ಕೆ ಮೂತ್ರಕೋಶ ಸ್ವಲ್ಪ ತುಂಬಿರಬೇಕು, ಖಾಲಿ ಇದ್ದರೆ ಏನೂ ಕಾಣುವುದಿಲ್ಲ. ನೀರು ಕುಡಿದು ಒಂದರ್ಧ ಗಂಟೆ ಹೊರಗೆ ಕೂತಿದ್ದು ಬರಲು ಹೇಳಿ.